ಕೆಟ್ಟ ಸುದ್ದಿಯನ್ನು ಮೊದಲು ಯಾರಿಗೆ ಹೇಳ್ತೀರಿ?

ಅಪ್ರೈಸಲ್ (ವರ್ಷದ ಕೆಲಸಕ್ಕೆ ಮಾರ್ಕ್ಸ್ ಕೊಡುವ) ಸೀಸನ್ ಬಂತು ಅಂದ್ರೆ ಐಟಿ ಕಂಪನಿಗಳಲ್ಲಿ ಎಲ್ಲರ ಫಾರ್ಮಿನಲ್ಲೂ 'ಗುಡ್ ಟೀಮ್ ಪ್ಲೇಯರ್' ಅನ್ನೋ ಸಾಲು ಬಂದು ಕೂರುತ್ತದೆ. ಯಾರಪ್ಪಾ ಅವರು ಅಂತ ನೋಡಿದರೆ ಮೀಟಿಂಗಿನಲ್ಲಿ ಎದುರು ಮಾತಾಡದವರು, ಔಟಿಂಗಿನಲ್ಲಿ ಮುಂದೆ ನಿಂತು ಎಲ್ಲರನ್ನೂ ನಗಿಸುವವರು, ಏನು ಕೇಳಿದರೂ 'ಆಗುತ್ತೆ ಸರ್' ಅನ್ನುವವರು. ಒಳ್ಳೆ ಜನವೇ, ನನ್ನದೇನೂ ಜಗಳವಿಲ್ಲ. ಆದರೆ ನನ್ನ ಅಳತೆ ಬೇರೆ. ಪ್ರೊಡಕ್ಷನ್‌ನಲ್ಲಿ, ಅಂದರೆ ಗ್ರಾಹಕರು ಬಳಸುತ್ತಿರುವ ಸಿಸ್ಟಮ್‌ನಲ್ಲೇ, ಎಡವಟ್ಟಾಗಿದೆ, ಆಗಿದ್ದು ನಿಮ್ಮ ಕೈಯಿಂದಲೇ, ಎದೆ ಡವಡವ ಅಂತಿದೆ. ಮ್ಯಾನೇಜರ್‌ಗೆ ಹೇಳುವ ಮೊದಲು ಯಾರಿಗೆ ಫೋನ್ ಮಾಡುತ್ತೀರಿ? ನನ್ನ ಪ್ರಕಾರ ಟೀಮಿನ ಒಳ್ಳೆ ಸಹೋದ್ಯೋಗಿ ಅವರೇ. ಅವರು ಔಟಿಂಗಿಗೆ ಬರದೇ ಇರಬಹುದು, ಅಷ್ಟೊಂದು ನಗುವವರೂ ಆಗಿರಲಿಕ್ಕಿಲ್ಲ.

ಪ್ರೋಗ್ರಾಮರ್‌ಗಳು ತಮ್ಮ ಕೋಡ್ ಇಡುವ ವೆಬ್‌ಸೈಟ್ ನಡೆಸುವ ಕಂಪನಿ ಗಿಟ್‌ಲ್ಯಾಬ್. 2017ರ ಜನವರಿ 31ರಂದು ಅಲ್ಲಿ ಆದದ್ದು ಈ ಕಸುಬಿನಲ್ಲಿರುವ ಹಲವರಿಗೆ ಗೊತ್ತು, ಗೊತ್ತಿಲ್ಲದವರಿಗೆ ಹೇಳುತ್ತೇನೆ. ಸ್ಪ್ಯಾಮ್ ಹಾವಳಿಯಿಂದ ಡೇಟಾಬೇಸ್ ಮೇಲೆ ಲೋಡ್ ಜಾಸ್ತಿಯಾಗಿ, ಎರಡನೇ ಸರ್ವರ್‌ಗೆ ಡೇಟಾ ನಕಲಾಗುವುದು ನಿಂತುಹೋಗಿತ್ತು. ರಾತ್ರಿ ಅದನ್ನು ಸರಿಮಾಡಲು ಕೂತಿದ್ದ ಇಂಜಿನಿಯರ್, ಎರಡನೇ ಸರ್ವರ್‌ನ ಡೇಟಾ ಅಳಿಸುತ್ತಿದ್ದೇನೆ ಅಂದುಕೊಂಡು ಮುಖ್ಯ ಸರ್ವರ್‌ನದ್ದನ್ನೇ ಅಳಿಸಿಬಿಟ್ಟರು. ಒಂದೆರಡು ಸೆಕೆಂಡಿನಲ್ಲೇ ಗೊತ್ತಾಗಿ ನಿಲ್ಲಿಸಿದರು, ಅಷ್ಟರಲ್ಲಿ ಸುಮಾರು 300 ಜಿಬಿ ಹೋಗಿತ್ತು. ಹೋಗಲಿ, ಬ್ಯಾಕಪ್ ಇದೆಯಲ್ಲ ಅಂತ ನೋಡಿದರೆ ದಿನಾ ಆಗುತ್ತಿದೆ ಅಂದುಕೊಂಡಿದ್ದ ಬ್ಯಾಕಪ್ ಆಗುತ್ತಲೇ ಇರಲಿಲ್ಲ. ಪೋಸ್ಟ್‌ಗ್ರೆಸ್ ಅನ್ನುವ ಡೇಟಾಬೇಸ್ ಸಾಫ್ಟ್‌ವೇರ್‌ನ ವರ್ಷನ್ ಹೊಂದದೆ ಫೇಲ್ ಆಗುತ್ತಿತ್ತು, ಫೇಲ್ ಆಗಿದೆ ಅಂತ ತಿಳಿಸುವ ಮೇಲ್ ಕೂಡ ಯಾರಿಗೂ ತಲುಪುತ್ತಿರಲಿಲ್ಲ. ಕೊನೆಗೆ ಕೈಹಿಡಿದದ್ದು ಸುಮಾರು ಆರು ಗಂಟೆ ಮೊದಲು ಅದೇ ಇಂಜಿನಿಯರ್ ಬೇರೆ ಯಾವುದೋ ಕೆಲಸಕ್ಕೆಂದು ತೆಗೆದಿಟ್ಟಿದ್ದ ಒಂದು ಸ್ನ್ಯಾಪ್‌ಶಾಟ್, ಅಂದರೆ ಆ ಹೊತ್ತಿನ ಡೇಟಾದ ನಕಲು!

ಆಮೇಲೆ ಆ ಕಂಪನಿ ಮಾಡಿದ್ದು ನನಗೆ ಇಷ್ಟ. ಏನಾಗಿದೆ ಅನ್ನುವುದನ್ನು ಯಾರು ಬೇಕಾದರೂ ನೋಡಬಹುದಾದ ಗೂಗಲ್ ಡಾಕ್‌ನಲ್ಲಿ ಬರೆಯುತ್ತಾ ಹೋದರು. ರಿಪೇರಿಯನ್ನು ಯೂಟ್ಯೂಬ್‌ನಲ್ಲಿ ಲೈವ್ ತೋರಿಸಿದರು. ನಂತರದ ವರದಿಯಲ್ಲಿ ಆ ಇಂಜಿನಿಯರ್‌ಗೆ 'ಟೀಮ್-ಮೆಂಬರ್-1' ಅಂತ ಅಷ್ಟೇ ಕರೆದರು, ಕೆಲಸದಿಂದ ತೆಗೆಯಲಿಲ್ಲ. ಬೈಗುಳದ ಭಯ ಇರುವ ಟೀಮಿನಲ್ಲಿ ಇದೇ ಆಗಿದ್ದರೆ? ಮೊದಲ ಒಂದು ಗಂಟೆ ಆ ಮನುಷ್ಯ ಒಬ್ಬನೇ ಕೂತು, ಬೆವರುತ್ತಾ, ಯಾರಿಗೂ ಗೊತ್ತಾಗದ ಹಾಗೆ ಸರಿಮಾಡಲು ನೋಡುತ್ತಿದ್ದ. ಇನ್ನಷ್ಟು ಹಾಳಾಗುವುದು ಆ ಒಂದು ಗಂಟೆಯಲ್ಲೇ.

ಈ ಭಯ ಎಲ್ಲಿಂದ ಶುರುವಾಗುತ್ತದೆ ಗೊತ್ತಾ? ಒಬ್ಬರು ಬರೆದ ಕೋಡನ್ನು ಇನ್ನೊಬ್ಬರು ಓದಿ ನೋಡುವ ಕೋಡ್ ರಿವ್ಯೂನಿಂದ. 'ಇದನ್ನು ಯಾಕೆ ಹೀಗೆ ಬರೆದಿದ್ದೀರಿ?' ಅಂತ ಒಂದು ಕಾಮೆಂಟ್ ಬರುತ್ತದೆ. ಎದುರಿಗೆ ಕೂತು ಕೇಳಿದರೆ ಅದು ಬರೀ ಪ್ರಶ್ನೆ. ಇಡೀ ಟೀಮ್ ಓದುವ ಜಾಗದಲ್ಲಿ ಬರೆದರೆ ಛೀಮಾರಿ. 'ಲಿಸ್ಟ್ ಖಾಲಿ ಬಂದರೆ ಇಲ್ಲಿ ಕ್ರ್ಯಾಶ್ ಆಗಬಹುದು, ಒಂದು ಚೆಕ್ ಹಾಕೋಣವಾ?' ಅಂತ ಬರೆಯಲು ಹತ್ತು ಸೆಕೆಂಡ್ ಜಾಸ್ತಿ ಬೇಕು, ಅಷ್ಟೇ. ಒರಟಾಗಿ ಮಾತಾಡಿದರೆ ಮಾತ್ರ ಕ್ವಾಲಿಟಿ ಉಳಿಯುತ್ತದೆ ಅನ್ನುವವರು ಲಿನಕ್ಸ್ ಕರ್ನಲ್‌ನ (ಲಿನಕ್ಸ್ ಆಪರೇಟಿಂಗ್ ಸಿಸ್ಟಮ್‌ನ ತಿರುಳು) ಉದಾಹರಣೆ ಕೊಡುತ್ತಿದ್ದರು. 2018ರ ಸೆಪ್ಟೆಂಬರ್‌ನಲ್ಲಿ ಅದನ್ನು ಶುರುಮಾಡಿದ, ಒರಟು ಮಾತಿಗೆ ಹೆಸರಾಗಿದ್ದ ಲಿನಸ್ ಟೊರ್ವಾಲ್ಡ್ಸ್ ಅವರೇ ತಮ್ಮ ಮಾತಿನ ಧಾಟಿಗೆ ಕ್ಷಮೆ ಕೇಳಿ ಸ್ವಲ್ಪ ದಿನ ಬಿಡುವು ತೆಗೆದುಕೊಂಡರು. ಅವರಿಲ್ಲದ ಸಮಯದಲ್ಲೂ ರಿಲೀಸ್ ನಿಲ್ಲಲಿಲ್ಲ.

ಹಾಗಂತ ಸಿಹಿ ಮಾತಿನವರು ಪಾಸಾದರು ಅಂದ್ಕೋಬೇಡಿ. ಎಂಟುನೂರು ಸಾಲಿನ ಪುಲ್ ರಿಕ್ವೆಸ್ಟ್‌ಗೆ (ನನ್ನ ಕೋಡ್ ನೋಡಿ ಸೇರಿಸಿಕೊಳ್ಳಿ ಅನ್ನುವ ಕೋರಿಕೆಗೆ) ಎರಡೇ ನಿಮಿಷದಲ್ಲಿ 'ಎಲ್‌ಜಿಟಿಎಂ', ಅಂದರೆ 'ಲುಕ್ಸ್ ಗುಡ್ ಟು ಮಿ', ಒತ್ತಿ ಒಂದು ಥಂಬ್ಸಪ್ ಹಾಕುವವರು ಇರುತ್ತಾರಲ್ಲ, ಅವರು ಓದಿಲ್ಲ, ಸುಮ್ನೆ ಒಳ್ಳೆಯವರಾಗಿದ್ದಾರೆ. ಇನ್ನೊಂದು ಜಾತಿ ರಿವ್ಯೂ ಮಾಡ್ತೀನಿ ಅಂತ ಹೇಳಿ ಸಂಜೆವರೆಗೂ ಅದನ್ನು ಮುಟ್ಟದವರು. ಇಲ್ಲಿ ಸಂಜೆಯಾಗುವ ಹೊತ್ತಿಗೆ ಟೀಮಿನ ಉಳಿದವರಿರುವ ಕ್ಯಾಲಿಫೋರ್ನಿಯಾದಲ್ಲಿ ಬೆಳಗಾಗುತ್ತದೆ. ಆ ಒಂದೆರಡು ಗಂಟೆ ತಪ್ಪಿದರೆ ಒಂದು ದಿನವೇ ಹೋಯಿತು. ಮತ್ತೆ 'ಹಾಯ್' ಅಂತ ಮಾತ್ರ ಮೆಸೇಜ್ ಹಾಕಿ ಮಾಯವಾಗುವವರು. ಅಯ್ಯೋ, ವಿಷಯ ಏನು ಅಂತ ಜೊತೆಗೇ ಬರೆದುಬಿಡಿ ಮಾರಾಯ್ರೇ.

ಸಿಹಿ ಮಾತು ಎಲ್ಲಕ್ಕಿಂತ ಜಾಸ್ತಿ ದುಬಾರಿಯಾಗುವುದು ಎಸ್ಟಿಮೇಟ್, ಅಂದರೆ ಕೆಲಸ ಯಾವಾಗ ಮುಗಿಯುತ್ತದೆ ಅನ್ನುವ ಅಂದಾಜು, ಕೊಡುವಾಗ. ಆಗಲ್ಲ ಅಂತ ಸೋಮವಾರವೇ ಗೊತ್ತಿರುತ್ತದೆ. ಮನಸ್ಸು ನೋಯಿಸಬಾರದು ಅಂತ 'ನೋಡೋಣ, ಟ್ರೈ ಮಾಡ್ತೀನಿ' ಅನ್ನುತ್ತಾರೆ. ಗುರುವಾರ ಸಂಜೆ ಟೆಸ್ಟಿಂಗ್‌ನವರಿಗೆ ವಿಷಯ ತಿಳಿಯುತ್ತದೆ, ಶನಿವಾರ ಅವರ ಮನೆಯವರ ಪ್ಲಾನ್ ಹಾಳು. ಸೋಮವಾರವೇ 'ಇದು ಈ ವಾರಕ್ಕೆ ಆಗಲ್ಲ, ಇಷ್ಟು ಮಾತ್ರ ಆಗುತ್ತೆ' ಅಂದವರ ಮೇಲೆ ಆ ಕ್ಷಣಕ್ಕೆ ಸ್ವಲ್ಪ ಮುನಿಸು ಬರುತ್ತದೆ. ಬರಲಿ ಬಿಡಿ. ಶುಕ್ರವಾರದ ಹೊತ್ತಿಗೆ ಅದು ಯಾರಿಗೂ ನೆನಪಿರುವುದಿಲ್ಲ.

ಹೊಸಬರ ವಿಷಯ ಇನ್ನೂ ನಾಜೂಕು. ಹಾಸನದ್ದೋ ರಾಯಚೂರಿನದ್ದೋ ಕಾಲೇಜಿನಿಂದ ಬಂದ ಹುಡುಗಿಗೆ ಕೋಡ್ ಚೆನ್ನಾಗಿ ಬರುತ್ತದೆ. ಕಾಲ್‌ನಲ್ಲಿ ಹನ್ನೆರಡು ಜನ ವೇಗವಾಗಿ ಇಂಗ್ಲಿಷ್ ಮಾತಾಡುವಾಗ ಬಾಯಿ ಕಟ್ಟುತ್ತದೆ. ಅರ್ಥವಾಗಿಲ್ಲ ಅಂತ ಅಲ್ಲಿ ಹೇಳಲ್ಲ, ಮೂರು ದಿನ ತಪ್ಪು ದಾರಿಯಲ್ಲಿ ಕೆಲಸ ಮಾಡುತ್ತಾಳೆ. ಕಾಲ್ ಮುಗಿದ ಮೇಲೆ ಏನು ತೀರ್ಮಾನವಾಯಿತು ಅಂತ ಟೀಮಿನ ಚಾಟ್ ಚಾನೆಲ್‌ನಲ್ಲಿ ನಾಲ್ಕು ಸಾಲು ಬರೆದು ಹಾಕುವವರು ಟೀಮಿಗೊಬ್ಬರು ಇದ್ದರೆ ಸಾಕು, ಆ ಮೂರು ದಿನ ಉಳಿಯುತ್ತದೆ. ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಸೀನಿಯರ್ ಆದವರೇ ಎಲ್ಲರೆದುರು 'ಈ ಭಾಗ ನನಗೂ ತಿಳಿಯಲಿಲ್ಲ, ಇನ್ನೊಂದು ಸಲ ಹೇಳಿ' ಅಂದರೆ ಮುಂದಿನ ಕಾಲ್‌ನಲ್ಲಿ ಆ ಹುಡುಗಿಯೂ ಮೈಕ್ ಆನ್ ಮಾಡುತ್ತಾಳೆ. ಇದಕ್ಕೆ ಯಾವ ಟ್ರೈನಿಂಗೂ ಬೇಡ.

ಇದರ ಉಲ್ಟಾ ಗಿರಾಕಿಯೂ ಇರುತ್ತಾರೆ. ಒಂದು ಮಾಡ್ಯೂಲ್ (ಸಾಫ್ಟ್‌ವೇರ್‌ನ ಒಂದು ಭಾಗ) ತನ್ನೊಬ್ಬನಿಗೇ ಗೊತ್ತಿರಬೇಕು, ಎಲ್ಲರೂ ತನ್ನ ಡೆಸ್ಕಿಗೇ ಬರಬೇಕು. ಅವರಿಗೆ ಸಲಾಂ ಹೊಡೆಯುವವರು ಬಹಳ, ಇಷ್ಟಪಡುವವರು ಕಡಿಮೆ. ಅವರ ಮಾಡ್ಯೂಲಿನಲ್ಲಿ ಬಗ್ (ದೋಷ) ಕಂಡರೂ ಜೂನಿಯರ್‌ಗಳು ಬಾಯಿ ಬಿಡಲ್ಲ, ಯಾರಿಗೆ ಬೇಕು ಆ ಲೆಕ್ಚರು? ಒಂದು ದಿನ ಅವರು ಪೇಪರ್ ಹಾಕುತ್ತಾರೆ, ಅಂದರೆ ರಾಜೀನಾಮೆ ಕೊಡುತ್ತಾರೆ. ಮೂರು ತಿಂಗಳ ನೋಟಿಸ್ ಪೀರಿಯಡ್‌ನಲ್ಲಿ ಕೆಟಿ (ನಾಲೆಜ್ ಟ್ರಾನ್ಸ್‌ಫರ್, ಗೊತ್ತಿರುವುದನ್ನು ಉಳಿದವರಿಗೆ ದಾಟಿಸುವುದು) ಅಂತ ನಾಲ್ಕು ಮೀಟಿಂಗ್, ಅರ್ಧ ಬರೆದ ಒಂದು ಡಾಕ್ಯುಮೆಂಟ್. ಅವರು ಹೋದ ಮೇಲೆ ಜೂನಿಯರ್‌ಗಳು ಒಬ್ಬೊಬ್ಬರಾಗಿ ಬಾಯಿ ಬಿಡುತ್ತಾರೆ: ಆ ಬಗ್ ತಮಗೆ ಮೊದಲೇ ಗೊತ್ತಿತ್ತಂತೆ.