ಕಣದ ಕಾವಲು ಮತ್ತು ಭಾವನ ಸಿಗ್ನಲ್

ಮಕ್ಕಳು ದೊಡ್ಡವರಿಗೆ ಮಣ್ಣು ಮುಕ್ಕಿಸುವ ಸಿನಿಮಾ ತೆಗೆಯುವವರಿಗೆ ಮೊದಲ ತಲೆನೋವೆಂದರೆ ಅಪ್ಪ ಅಮ್ಮನನ್ನು ಮನೆಯಿಂದ ಸಾಗಹಾಕುವುದು. ಅವರಿದ್ದರೆ ಕಥೆ ಎರಡನೇ ನಿಮಿಷಕ್ಕೇ ‘ಸಾಕು, ಕೈಕಾಲು ತೊಳ್ಕೊಂಡು ಊಟಕ್ಕೆ ಕೂತ್ಕೊ’ ಎನ್ನುವಲ್ಲಿಗೆ ಮುಗಿಯುತ್ತದೆ. 1990ರ ‘ಹೋಮ್ ಅಲೋನ್’ನವರು ಈ ಕೆಲಸಕ್ಕೆ ವಿಮಾನವನ್ನೇ ಹಿಡಿದರು. ಶಿಕಾಗೋ ಹತ್ತಿರದ ಮನೆಯೊಂದರ ಜನವೆಲ್ಲ ಕ್ರಿಸ್‌ಮಸ್ಸಿಗೆ ಪ್ಯಾರಿಸ್ಸಿಗೆ ಹೊರಡುವ ಗಡಿಬಿಡಿಯಲ್ಲಿ, ಅಟ್ಟದಲ್ಲಿ ಮಲಗಿದ್ದ ಎಂಟು ವರ್ಷದ ಕೆವಿನ್‌ನನ್ನು ಬಿಟ್ಟೇ ಹೋಗುತ್ತಾರೆ. ತಲೆ ಎಣಿಸುವಾಗ ಪಕ್ಕದ ಮನೆಯ ಹುಡುಗನೊಬ್ಬ ಲೆಕ್ಕಕ್ಕೆ ಸೇರಿಕೊಂಡಿರುತ್ತಾನೆ. ಆಮೇಲೆ ಕಳ್ಳರು ಬರುತ್ತಾರೆ, ಮನೆ ಕಾಯುವ ಕೆಲಸ ಕೆವಿನ್‌ನದ್ದು.

ನಮ್ಮ ಚಿಕ್ಕಮಗಳೂರು ಕಡೆ ಈ ಕಥೆ ನಡೆಯುವುದಿಲ್ಲ. ಮಗುವನ್ನು ಮರೆಯುವುದೇನೋ ಸುಲಭ, ಮದುವೆಮನೆಗಳಲ್ಲಿ ಮಾಮೂಲು. ಆದರೆ ಮರೆತ ಮಗು ಒಂಟಿಯಾಗಿ ಉಳಿಯಬೇಕಲ್ಲ? ಅರ್ಧ ಗಂಟೆಯೊಳಗೆ ಪಕ್ಕದ ತೋಟದ ದೊಡ್ಡಮ್ಮ ಕಡುಬಿನ ಪಾತ್ರೆ ಹಿಡಿದು ಬರುತ್ತಾರೆ. ಅವರ ಹಿಂದೆ ತೋಟದ ಲೆಕ್ಕ ಬರೆಯುವ ರೈಟ್ರು ಬರುತ್ತಾರೆ. ಕಳ್ಳರು ಬಂದರೆ ದೊಡ್ಡಮ್ಮ ಅವರಿಗೂ ಕಾಫಿ ಕೊಟ್ಟು, ‘ನೀವು ಯಾರ ಪೈಕಿ?’ ಎಂದು ವಿಚಾರಿಸುತ್ತಾರೆ. ನಮ್ಮ ಸಿನಿಮಾದವರಿಗೆ ಇದು ಮೊದಲೇ ಗೊತ್ತಿತ್ತು. 1979ರ ‘ಪುಟಾಣಿ ಏಜೆಂಟ್ 123’ರಲ್ಲಿ ಹೆಸರಿನಲ್ಲೇ ಹಾಜರಿ ಕೂಗಿದರು. 1980ರಲ್ಲಿ ‘ಮಕ್ಕಳ ಸೈನ್ಯ’ ಬಂತು, 1981ರಲ್ಲಿ ‘ಸಿಂಹದ ಮರಿ ಸೈನ್ಯ’. ಅಮೆರಿಕದ ಹುಡುಗ ಒಬ್ಬನೇ ಮನೆ ಕಾಯುತ್ತಾನೆ. ನಮ್ಮವರದ್ದು ಏನಿದ್ದರೂ ಸೈನ್ಯ.

ಅಂಥದ್ದೊಂದು ಸೈನ್ಯ ಡಿಸೆಂಬರ್ ಕೊನೆಗೆ ಆಲ್ದೂರಿನ ಆಚೆಗಿರುವ ನಮ್ಮ ಮನೆಗೆ ಬಂದಿಳಿಯಿತು. ಬೆಂಗಳೂರಿನಿಂದ ಅಕ್ಕನ ಮಗಳು ಪುಟ್ಟಿ ಮತ್ತು ಅವಳ ತಮ್ಮ, ಮೂಡಿಗೆರೆಯಿಂದ ನನ್ನ ತಮ್ಮನ ಮಗ. ಪುಟ್ಟಿಗೆ ಹನ್ನೊಂದು ವರ್ಷ. ಉಳಿದಿಬ್ಬರಿಗೆ ಅವಳು ಹೇಳಿದಷ್ಟೇ ವಯಸ್ಸು. ಅರೇಬಿಕಾ ಕುಯ್ಲು ಭರದಿಂದ ನಡೆದಿತ್ತು, ಕಣದ ತುಂಬ ಕಾಫಿ. ಬೆಲೆ ಏರಿದ ಮೇಲೆ ಕಣಕ್ಕೆ ಕಳ್ಳರ ಭಯವೂ ಏರಿದೆ. ಊಟದ ಹೊತ್ತಿಗೆ ಅಪ್ಪ ಅದನ್ನೇ ಮಾತಾಡಿದ್ದು, ಆಮೇಲೆ ಟಿವಿಯಲ್ಲಿ ಕೆವಿನ್ ಬಂದದ್ದು, ಎರಡೂ ಒಂದೇ ರಾತ್ರಿ. ಬೆಂಕಿ, ಸೀಮೆಎಣ್ಣೆ ಎರಡನ್ನೂ ನಾವೇ ಪಕ್ಕಪಕ್ಕ ಇಟ್ಟಂತಾಯಿತು.

ಮರುದಿನ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪಿಂಗ್ ಶೆಡ್ಡಿನ ಹಿಂದೆ ಸಭೆ. ಸಿನಿಮಾದ ಸಾಮಾನನ್ನೆಲ್ಲ ಊರಿನ ಸಾಮಾನಿಗೆ ಇಳಿಸುವ ಕೆಲಸ. ಅಲ್ಲಿ ಹಗ್ಗಕ್ಕೆ ಕಟ್ಟಿದ ಪೇಂಟ್ ಡಬ್ಬ ಬೀಸಿ ಬಂದು ಕಳ್ಳರ ಮುಖಕ್ಕೆ ಹೊಡೆಯುತ್ತದೆ. ಇಲ್ಲಿ ಡಬ್ಬಕ್ಕೇನೂ ಬರವಿಲ್ಲ, ಆದರೆ ಪೆಟ್ಟಾಗಬಾರದೆಂದು ಪುಟ್ಟಿಯ ಕಟ್ಟುನಿಟ್ಟು. ಹಾಗಾಗಿ ಡಬ್ಬದೊಳಗೆ ಬಚ್ಚಲ ಒಲೆಯ ಬೂದಿ. ಅಲ್ಲಿ ಕಳ್ಳರು ಕಾಲಿಟ್ಟು ಜಾರಲೆಂದು ನೆಲಕ್ಕೆ ಆಟದ ಕಾರುಗಳನ್ನು ಹರಡಿರುತ್ತಾರೆ. ಇಲ್ಲಿ ಹರಡುವ ಕಷ್ಟವೇ ಇಲ್ಲ. ಸಿಮೆಂಟ್ ಕಣದ ಮೇಲೆ ಸಿಪ್ಪೆಸಮೇತ ಒಣಗಿದ ಚೆರ್ರಿ ಕಾಫಿಯ ಮೇಲೆ ಕಾಲಿಟ್ಟು ನೋಡಿ, ಆಟದ ಕಾರು ಏನೇನೂ ಅಲ್ಲ. ಅಲ್ಲಿ ಒಬ್ಬ ಕಳ್ಳನ ಮುಖಕ್ಕೆ ಅಂಟು ಮೆತ್ತಿ, ಫ್ಯಾನಿನಿಂದ ಪುಕ್ಕ ಹಾರಿಸುತ್ತಾರೆ. ಪುಕ್ಕದ ಜಾಗಕ್ಕೆ ಹಳೇ ದಿಂಬಿನ ಬೂರುಗದ ಹತ್ತಿ ಸಿಕ್ಕಿತು. ಅಂಟಿನದ್ದೇ ಸಮಸ್ಯೆ. ಬೇಸಿಗೆಯಾಗಿದ್ದರೆ ಹಲಸಿನ ಮೇಣ ಇರುತ್ತಿತ್ತು. ಕೊನೆಗೆ ತಮ್ಮನ ಮಗನಿಗೆ ಅಟ್ಟದ ಮೇಲಿನ, ಜೇನಿನಂತೆ ಅಂಟುವ ಜೋನಿಬೆಲ್ಲದ ಡಬ್ಬ ನೆನಪಾಯಿತು.

ಡಬ್ಬ ಇಳಿಸಲು ಹೋದವರಿಗೆ ಅಲ್ಲಿ ಇನ್ನೊಂದು ವಸ್ತು ಸಿಕ್ಕಿತು. ಅಪ್ಪ ಎರಡು ದಿನದಿಂದ ಮನೆಯೆಲ್ಲ ಹುಡುಕುತ್ತಿದ್ದ ಕನ್ನಡಕ. ಅಪ್ಪನಿಗೆ ಸಕ್ಕರೆ ಕಾಯಿಲೆ. ಬೆಲ್ಲ ಹಾಕಿದ ಸಾರು ಬಡಿಸಿದರೂ ಅಮ್ಮನ ಮೇಲೆ ರೇಗುವ ಮನುಷ್ಯ. ಪುಟ್ಟಿ ಕನ್ನಡಕವನ್ನು ಒರೆಸಿ ತನ್ನ ಬ್ಯಾಗಿನಲ್ಲಿಟ್ಟುಕೊಂಡಳು, ಯಾರಿಗೂ ಹೇಳಲಿಲ್ಲ.

ಇಂಥ ಚಿತ್ರಗಳಲ್ಲಿ ದೊಡ್ಡವರು ಪೆದ್ದರು ಎಂದು ಮೂಗು ಮುರಿಯುವವರಿದ್ದಾರೆ. ನಾನು ಒಪ್ಪುವುದಿಲ್ಲ. ಪೆದ್ದನನ್ನು ಬೀಳಿಸಿದರೆ ಯಾರು ನಗುತ್ತಾರೆ? ‘ಹೋಮ್ ಅಲೋನ್’ನ ಗಿಡ್ಡ ಕಳ್ಳ ಜೋ ಪೆಷಿ ಅದೇ ವರ್ಷ ಇನ್ನೊಂದು ಚಿತ್ರದಲ್ಲಿ ರಕ್ತ ಹೆಪ್ಪುಗಟ್ಟಿಸುವ ಗೂಂಡಾ ಆಗಿ ಆಸ್ಕರ್ ಹೊಡೆದವನು. ಅಂಥವನ ನೆತ್ತಿ ಸುಟ್ಟರೆ ಅದಕ್ಕೊಂದು ಮರ್ಯಾದೆ. ಅದೇ ಕಥೆಗಾರ ಜಾನ್ ಹ್ಯೂಸ್ 1994ರಲ್ಲಿ ‘ಬೇಬೀಸ್ ಡೇ ಔಟ್’ ಬರೆದು, ಅಂಬೆಗಾಲಿಡುವ ಕೂಸಿನ ಹಿಂದೆ ಮೂವರು ಅಪಹರಣಕಾರರನ್ನು ಓಡಿಸಿದ. ಅಮೆರಿಕದಲ್ಲಿ ಅದು ಮಕಾಡೆ ಮಲಗಿತು, ನಮ್ಮ ದೇಶದಲ್ಲಿ ಮನೆಮಾತಾಯಿತು. ಒಂದು ಕೂಸಿಗೆ ಮೂವರು ದೊಡ್ಡವರು ಸಾಲುವುದಿಲ್ಲ ಎಂಬುದನ್ನು ನಮಗೆ ಯಾರೂ ಹೊಸದಾಗಿ ನಂಬಿಸಬೇಕಿರಲಿಲ್ಲ.

ಈಗ ಭಾವನ ವಿಷಯ. ನಮ್ಮ ಮನೆಯಲ್ಲಿ ಮೊಬೈಲ್ ಸಿಗ್ನಲ್ ಸಿಗುವುದು ಕಣದ ಮೂಡಣ ಮೂಲೆಯಲ್ಲಿ ಮಾತ್ರ, ಅದೂ ಕಟ್ಟೆಯ ಮೇಲೆ ನಿಂತರೆ. ಭಾವ ಬಂದಾಗಿನಿಂದ ರಾತ್ರಿ ಹತ್ತು ಗಂಟೆಗೆ, ‘ಆಫೀಸಿನವರು ಜೀವ ತಿಂತಾರೆ’ ಎನ್ನುತ್ತ ಸಿಗ್ನಲ್ ಹುಡುಕಿ ಹೊರಡುತ್ತಿದ್ದರು. ಕ್ರಿಸ್‌ಮಸ್ ರಜೆಯಲ್ಲಿ ಯಾವ ಆಫೀಸಿನವರು ಜೀವ ತಿನ್ನುತ್ತಾರೆಂದು ನಾವಂತೂ ಕೇಳಲಿಲ್ಲ.

ಅಂದು ರಾತ್ರಿ ಮೊದಲು ಡಬ್ಬದ ಸದ್ದು, ಆಮೇಲೆ ನಾಯಿ, ಆಮೇಲೆ ‘ಅಯ್ಯಯ್ಯೋ’. ಎಲ್ಲರೂ ಟಾರ್ಚ್ ಹಿಡಿದು ಓಡಿದೆವು. ಇಬ್ಬನಿಗೆಂದು ಕಾಫಿ ಗುಡ್ಡೆಗೆ ಹೊದಿಸಿದ್ದ ಟಾರ್ಪಾಲು ಒಂದು ಕಡೆ, ಹವಾಯಿ ಚಪ್ಪಲಿ ಇನ್ನೊಂದು ಕಡೆ. ನಡುವೆ ಜೋನಿಬೆಲ್ಲದಲ್ಲಿ ಮಿಂದು, ಬೂದಿ ಬಳಿದುಕೊಂಡು, ಮೈತುಂಬ ಬಿಳಿ ಹತ್ತಿ ಅಂಟಿಸಿಕೊಂಡ ಭಾವ ಕೂತಿದ್ದರು. ನಾಯಿ ಅವರ ಮೊಣಕೈ ನೆಕ್ಕುತ್ತಿತ್ತು. ಚೆರ್ರಿ ಉರುಳುರುಳಿ ಚರಂಡಿ ಸೇರುತ್ತಿತ್ತು.

“ಕಳ್ಳ ಬಂದಿದ್ರೂ ಇಷ್ಟು ಲುಕ್ಸಾನಾಗ್ತಿರ್ಲಿಲ್ಲ ಮಾರಾಯ,” ಎಂದರು ಅಪ್ಪ.

“ಏನ್ರೀ ಮಾಡ್ತಿದ್ರಿ ಇಲ್ಲಿ?” ಅಕ್ಕ ಕೇಳಿದಳು.

ಭಾವನ ಬಲಗೈ ಬೆನ್ನ ಹಿಂದಿತ್ತು. ಅಲ್ಲಿಂದ ಸಣ್ಣಗೆ ಹೊಗೆ ಬರುತ್ತಿತ್ತು. ಧರ್ಮಸ್ಥಳದಲ್ಲಿ ಅಕ್ಕನ ಎದುರೇ ಮಂಜುನಾಥನ ಮೇಲೆ ಆಣೆ ಇಟ್ಟು ಸಿಗರೇಟು ಬಿಟ್ಟವರು ಅವರು. ಅಕ್ಕ ಮುಂದೆ ಬರುವಷ್ಟರಲ್ಲಿ ಪುಟ್ಟಿ ನಡುವೆ ನುಗ್ಗಿದಳು. “ಪಪ್ಪ ಸಿಗ್ನಲ್ ಹುಡುಕ್ತಿದ್ರು ಅಮ್ಮ. ಪಾಪ, ಸಿಕ್ಕೇಬಿಟ್ಟಿತ್ತು ಅನ್ಸತ್ತೆ,” ಎನ್ನುತ್ತ ಭಾವನನ್ನು ಎಬ್ಬಿಸುವ ನೆಪದಲ್ಲಿ ಆ ಕಿಡಿಯನ್ನು ಬೂದಿಯೊಳಗೆ ಒತ್ತಿದಳು. ಆಮೇಲೆ ಸಮಾಧಾನ ಹೇಳುವ ಧ್ವನಿಯಲ್ಲಿ, “ಸಿನಿಮಾದಲ್ಲಿ ಗಾಜಿನ ಮೇಲೆ ಬರಿಗಾಲಲ್ಲಿ ನಡೆಯೋ ಕಳ್ಳನಿಗೆ ರಬ್ಬರ್ ಪಾದ ಹಾಕಿದ್ರಂತೆ ಪಪ್ಪ. ನಿಮ್ಗೂ ಹೇಳ್ಬೇಕಿತ್ತು,” ಎಂದಳು.

ಬೆಳಿಗ್ಗೆ ಬೈಗುಳದ ಕಾರ್ಯಕ್ರಮ ಆಯಿತು, ಮಕ್ಕಳ ಕೈಲೇ ಚರಂಡಿಯ ಕಾಫಿ ಹೆಕ್ಕಿಸಿದ್ದೂ ಆಯಿತು. ವಿಚಿತ್ರವೆಂದರೆ ಭಾವ ಒಂದು ಮಾತೂ ಬೈಯಲಿಲ್ಲ, ಮಕ್ಕಳ ಜೊತೆ ಕೂತು ತಾವೂ ಹೆಕ್ಕಿದರು. ಮಧ್ಯಾಹ್ನದ ಹೊತ್ತಿಗೆ ಅವರ ಫೋನು ಪುಟ್ಟಿಯ ಕೈಯಲ್ಲಿತ್ತು. ಸಂಜೆ ಅಪ್ಪನ ಕನ್ನಡಕವೂ ‘ಹಾಸಿಗೆ ಕೆಳಗೆ’ ಸಿಕ್ಕಿತು. ಟಿವಿ ರಿಮೋಟನ್ನು ಯಾರಿಗೂ ಮುಟ್ಟಗೊಡದ ಅಪ್ಪ ಅದನ್ನು ತಾವಾಗಿ ಮಕ್ಕಳಿಗೆ ದಾಟಿಸಿ, ವಾರ್ತೆಯಲ್ಲಿ ಈಗ ಎಂಥದೂ ಇರುವುದಿಲ್ಲ ಎಂದರು.

ನನ್ನ ಕುತೂಹಲ ತಡೆಯಲಿಲ್ಲ. ಜಗಲಿಯಲ್ಲಿ ಪುಟ್ಟಿಯನ್ನು ಹಿಡಿದು, ಆ ಚಿತ್ರದಲ್ಲಿ ಅವಳಿಗೆ ಯಾವ ಬಲೆ ತುಂಬಾ ಹಿಡಿಸಿತು ಎಂದು ಕೇಳಿದೆ.

“ಬಲೆ ಅಲ್ಲ ಮಾವ. ಪಿಜ್ಜಾ ಕೊಡೋನು ಬರ್ತಾನಲ್ಲ, ಅವನಿಗೆ ಕೆವಿನ್ ಒಂದು ಹಳೇ ಪಿಚ್ಚರಿನ ಗುಂಡಿನ ಸದ್ದು ಕೇಳಿಸ್ತಾನೆ. ಅವನು ಸತ್ತೆ ಅಂತ ಓಡ್ತಾನೆ. ಆ ಹಳೇ ಪಿಚ್ಚರೂ ಸುಳ್ಳಂತೆ, ಇದಕ್ಕಂತಲೇ ತೆಗೆದಿದ್ದಂತೆ. ಎಷ್ಟು ಈಸಿ ಅಲ್ವಾ?”

“ಹೌದಲ್ಲ,” ಎಂದೆ.

ಪುಟ್ಟಿ ಅತ್ತಿತ್ತ ನೋಡಿ ಪಕ್ಕಕ್ಕೆ ಸರಿದಳು. ಅಡುಗೆಮನೆಯಲ್ಲಿ ನನ್ನ ಹೆಂಡತಿ ಅಕ್ಕಿರೊಟ್ಟಿ ತಟ್ಟುವ ಸದ್ದು ಕೇಳುತ್ತಿತ್ತು.

“ಮಾವ, ನಿಮ್ ವಿಷ್ಯಾನೂ ನಂಗೊತ್ತು. ಅತ್ತೆಗೆ ಹೇಳಲ್ಲ.”

ಅವಳಿಗೆ ಏನೂ ಗೊತ್ತಿರಲಿಕ್ಕಿಲ್ಲ. ಗೊತ್ತಾಗುವ ದಾರಿಯೇ ಇಲ್ಲ. ಆದರೂ ಐನೂರರ ನೋಟು ಕೊಡುವಾಗ, ಮೂವರೂ ಹಂಚಿಕೊಳ್ಳಿ ಎಂದು ಗಟ್ಟಿಯಾಗಿಯೇ ಹೇಳಿದೆ.

“ಇದು ನಂದು,” ಎಂದಳು. “ಅವರಿಬ್ರೂ ಆಮೇಲೆ ಬರ್ತಾರೆ.”