ಲಿಥಿಯಂ ತಗೊಂಡ್ರೆ ಕಲೆ ಸತ್ತೋಗುತ್ತಾ?

ಬೈಪೋಲಾರ್ (ಮನಸ್ಸು ಒಮ್ಮೆ ವಿಪರೀತ ಉತ್ಸಾಹಕ್ಕೆ, ಒಮ್ಮೆ ತೀರಾ ಖಿನ್ನತೆಗೆ ಹೋಗೋ ಕಾಯಿಲೆ) ಇದ್ದೋರು ಅದಕ್ಕೆ ಕೊಡೋ ಲಿಥಿಯಂ ಮಾತ್ರೆ ನುಂಗಿದ್ರೆ ಒಳಗಿರೋ ಕಲಾವಿದ ಸತ್ತೋಗ್ತಾನೆ, ಮಾತ್ರೆ ಬಿಟ್ಬಿಡಿ ಅಂತ ವಾಟ್ಸಾಪಲ್ಲಿ ಒಂದು ಫಾರ್ವರ್ಡ್ ಓಡಾಡ್ತಿದೆ. ತಪ್ಪು ಕಣ್ರಪ್ಪಾ. ಡೆನ್ಮಾರ್ಕಿನ ಡಾಕ್ಟರ್ ಮೋಗೆನ್ಸ್ ಸ್ಕೌ 1979ರಲ್ಲೇ ಬರ್ದಿದ್ದಾರೆ, ಲಿಥಿಯಂ ತಗೋತಿದ್ದ 24 ಕಲಾವಿದರಲ್ಲಿ 12 ಜನ ಕೆಲ್ಸ ಜಾಸ್ತಿ ಆಯ್ತು ಅಂದ್ರು, 6 ಜನಕ್ಕೆ ವ್ಯತ್ಯಾಸ ಇಲ್ಲ, 6 ಜನಕ್ಕೆ ಮಾತ್ರ ಕಮ್ಮಿ ಆಗಿತ್ತು. ಚಿಕ್ಕ ಸ್ಟಡಿ, ಒಪ್ತೀನಿ. ನಾನೂ ಮೇನಿಯಾದಲ್ಲಿ, ಅಂದ್ರೆ ಆ ವಿಪರೀತ ಉತ್ಸಾಹದ ಹೊತ್ತಲ್ಲಿ, ಮೂರು ರಾತ್ರಿ ನಿದ್ದೆಗೆಟ್ಟು ನಲವತ್ತು ಪುಟ ಕವಿತೆ ಗೀಚಿದ್ದೆ, ಆಮೇಲೆ ಓದಿದ್ರೆ ನಂಗೇ ತಲೆಬುಡ ಅರ್ಥ ಆಗ್ಲಿಲ್ಲ, ಈಗ ಮಾತ್ರೆಯಿಂದ ಕಾಫಿ ಲೋಟ ಹಿಡ್ದಾಗ ಕೈ ಸ್ವಲ್ಪ ನಡುಗುತ್ತೆ ನಿಜ, ಆದ್ರೆ ಶುರು ಮಾಡಿದ್ದು ಮುಗಿಯುತ್ತೆ. ಮಂಕು ಅನ್ಸಿದ್ರೆ ಡಾಕ್ಟರ್‌ಗೆ ಹೇಳಿ, ಬ್ಲಡ್ ಟೆಸ್ಟಲ್ಲಿ ಲಿಥಿಯಂ ಲೆವೆಲ್ ನೋಡಿ ಡೋಸ್ ಅಡ್ಜಸ್ಟ್ ಮಾಡ್ತಾರೆ, ನೀವಾಗೇ ನಿಲ್ಲಿಸ್ಬೇಡಿ.