ಮಾನಸಗಂಗೋತ್ರಿಯಲ್ಲಿ ಎಲ್ಲವೂ ಇದೆ, ಟೈಮ್‌ಟೇಬಲ್ ಒಂದಿಲ್ಲ

ನಾನಿರುವ ಸ್ಯಾನ್ ಡಿಯಾಗೊದಲ್ಲಿ ಕಾಗ್ನಿಟಿವ್ ಸೈನ್ಸ್, ಅಂದರೆ ಮನಸ್ಸಿನ ಕೆಲಸವನ್ನು ಅರಿಯುವ ಶಾಸ್ತ್ರ, ಓದಿದವರು ಎಲ್ಲೆಂದರಲ್ಲಿ ಸಿಗುತ್ತಾರೆ. ಇಲ್ಲಿನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ 1986ರಲ್ಲೇ ಅದಕ್ಕೊಂದು ಪ್ರತ್ಯೇಕ ವಿಭಾಗ ತೆರೆಯಿತು. ಜಗತ್ತಿನಲ್ಲಿ ಇದೇ ಮೊದಲನೆಯದು ಎಂಬ ಹೆಮ್ಮೆ ಅವರಿಗಿದೆ. ಮನಸ್ಸು ಹೇಗೆ ಕೆಲಸ ಮಾಡುತ್ತದೆ ಅನ್ನುವುದು ಒಂದೇ ಶಾಸ್ತ್ರಕ್ಕೆ ಎಟುಕುವ ಪ್ರಶ್ನೆಯಲ್ಲ. ಮನಶ್ಶಾಸ್ತ್ರ, ಭಾಷಾವಿಜ್ಞಾನ, ತತ್ತ್ವಶಾಸ್ತ್ರ, ಮಾನವಶಾಸ್ತ್ರ, ನರವಿಜ್ಞಾನ, ಕಂಪ್ಯೂಟರ್ ವಿಜ್ಞಾನ, ಈ ಆರೂ ಕೂಡಿ ಕೇಳಬೇಕಾದದ್ದು. ಇಲ್ಲಿ ಹದಿನೆಂಟರ ಹುಡುಗಿಯೊಬ್ಬಳು ಪದವಿಯ ಮೊದಲ ವರ್ಷದಿಂದಲೇ ಆ ಪ್ರಶ್ನೆಯನ್ನು ಕೂಡಿಸಿ ಕೇಳಬಹುದು. ನಮ್ಮ ಮೈಸೂರಿನಲ್ಲಿ ಆಗುವುದಿಲ್ಲ. ನನ್ನ ಮಟ್ಟಿಗೆ ಎರಡು ಊರುಗಳ ನಡುವಿನ ದೊಡ್ಡ ವ್ಯತ್ಯಾಸ ಇದೇ, ಮತ್ತು ಇದು ದುಡ್ಡಿನದ್ದಲ್ಲ.

ನಾನು ವೈದ್ಯಕೀಯ ಉಪಕರಣ ತಯಾರಿಸುವ ಕಂಪನಿಯಲ್ಲಿ ಎಂಜಿನಿಯರ್. ಮೈಸೂರಿನಲ್ಲಿ ಎಲೆಕ್ಟ್ರಾನಿಕ್ಸ್ ಓದಿ ಬಂದವನು. ನಮ್ಮ ತಂಡದಲ್ಲಿ ಕಾಗ್ನಿಟಿವ್ ಸೈನ್ಸ್ ಪದವಿಯ ಹುಡುಗಿಯೊಬ್ಬಳಿದ್ದಾಳೆ. ಅವಳ ಕೆಲಸ ನೋಡಿದ ಮೇಲೇ ಈ ಓದಿನಿಂದ ಏನಾಗುತ್ತದೆ ಅನ್ನುವುದು ನನಗೆ ಕಣ್ಣಿಗೆ ಕಟ್ಟಿದ್ದು. ಸಕ್ಕರೆ ಕಾಯಿಲೆಯ ಹಿರಿಯರೊಬ್ಬರನ್ನು ಕೂರಿಸಿ ಹೊಸ ಉಪಕರಣ ಕೈಗೆ ಕೊಡುತ್ತಾರೆ. ಇನ್ಸುಲಿನ್ ಪ್ರಮಾಣ ಒಪ್ಪಿಸುವ ಪರದೆ ಬಂದಾಗ ಅವರ ಹೆಬ್ಬೆರಳು ಗುಂಡಿಯ ಮೇಲೆ ಹೋಗಿ ನಿಂತುಬಿಡುತ್ತದೆ. ಇವಳು ಸಹಾಯ ಮಾಡುವುದಿಲ್ಲ, ಸುಳಿವೂ ಕೊಡುವುದಿಲ್ಲ. ಬೆರಳು ಎಷ್ಟು ಹೊತ್ತು ನಿಂತಿತು, ಕಣ್ಣು ಎತ್ತ ಹೋಯಿತು, ಬಾಯಲ್ಲಿ ಏನು ಗೊಣಗಿದರು, ಅಷ್ಟನ್ನೂ ಬರೆದುಕೊಳ್ಳುತ್ತಾಳೆ. ಆಮೇಲಿನ ಸಭೆಯಲ್ಲಿ ನಾವು ಎಂಜಿನಿಯರುಗಳು "ಅದು ಮ್ಯಾನ್ಯುಯಲ್‌ನಲ್ಲೇ ಇದೆಯಲ್ಲ" ಅಂದೆವು. ಅವಳು ಪರದೆಯ ಚಿತ್ರ ತೋರಿಸಿ, ಹಿಂದಿನ ಸಲದ ಪ್ರಮಾಣವೂ ಈಗಿನದೂ ಒಂದೇ ಗಾತ್ರದ ಅಂಕಿಯಲ್ಲಿ ಒಂದರ ಮೇಲೊಂದು ಇವೆ, ಆತಂಕದಲ್ಲಿರುವ ಮನುಷ್ಯನ ಕಣ್ಣು ಮೊದಲು ಕಂಡ ಅಂಕಿಯನ್ನೇ ಹಿಡಿಯುತ್ತದೆ ಎಂದು ವಿವರಿಸಿದಳು. ಹಳೆಯ ಅಂಕಿಯನ್ನು ಆ ಪರದೆಯಿಂದಲೇ ತೆಗೆದೆವು. ಹೀಗೆ ಪರೀಕ್ಷಿಸುವುದು ಕಂಪನಿಯ ಔದಾರ್ಯವೂ ಅಲ್ಲ. ಬಳಕೆದಾರನ ಕೈತಪ್ಪಿನಿಂದ ಜೀವಕ್ಕೆ ಅಪಾಯವಾಗಬಹುದಾದ ಉಪಕರಣಗಳಿಗೆ ಇಂಥ ಪರೀಕ್ಷೆಯ ದಾಖಲೆಯನ್ನು ಅಮೆರಿಕದ ಔಷಧ ಮತ್ತು ಉಪಕರಣ ನಿಯಂತ್ರಣ ಸಂಸ್ಥೆ ಎಫ್‌ಡಿಎ ಕೇಳುತ್ತದೆ.

ಈ ಬಗೆಯ ಕೆಲಸಕ್ಕೂ ಸ್ಯಾನ್ ಡಿಯಾಗೊ ವಿಭಾಗಕ್ಕೂ ಹಳೆಯ ನಂಟು. 1979ರಲ್ಲಿ ಅಮೆರಿಕದ ತ್ರೀ ಮೈಲ್ ಐಲ್ಯಾಂಡ್ ಅಣು ಸ್ಥಾವರದಲ್ಲಿ ಅಪಘಾತವಾದಾಗ, ಕಂಟ್ರೋಲ್ ರೂಮಿನಲ್ಲಿದ್ದವರು ಯಾಕೆ ತಪ್ಪಿದರು ಎಂದು ನೋಡಲು ಕರೆಸಿಕೊಂಡವರಲ್ಲಿ ಇಲ್ಲಿನ ಮನಶ್ಶಾಸ್ತ್ರಜ್ಞ ಡೊನಾಲ್ಡ್ ನಾರ್ಮನ್ ಒಬ್ಬರು. ಅವರಿಗೆ ಕಂಡದ್ದು ದಡ್ಡ ಸಿಬ್ಬಂದಿಯಲ್ಲ. ತಪ್ಪು ಮಾಡಿಸುವಂತೆಯೇ ಜೋಡಿಸಿಟ್ಟ ಗುಂಡಿ ಮತ್ತು ದೀಪಗಳು. ಈ ವಿಭಾಗ ಕಟ್ಟಿದವರಲ್ಲಿ ಅವರು ಪ್ರಮುಖರು. ಮಾನವಶಾಸ್ತ್ರಜ್ಞ ಎಡ್ವಿನ್ ಹಚಿನ್ಸ್ ನೌಕಾಪಡೆಯ ಹಡಗಿನ ಮೇಲೆ ಕೂತು, ದಾರಿ ಲೆಕ್ಕಹಾಕುವ ಬುದ್ಧಿ ಯಾವ ಒಬ್ಬನ ತಲೆಯಲ್ಲೂ ಇಲ್ಲ, ನಾಲ್ಕಾರು ಜನ ಮತ್ತು ಅವರ ನಕ್ಷೆ, ಉಪಕರಣಗಳ ನಡುವೆ ಹಂಚಿಹೋಗಿದೆ ಎಂದು ತೋರಿಸಿದ್ದೂ ಈ ವಿಭಾಗದಿಂದಲೇ. ಇಂದಿನ ಕೃತಕ ಬುದ್ಧಿಮತ್ತೆಯ ನರಜಾಲಗಳಿಗೆ ತಿದ್ದಿಕೊಂಡು ಕಲಿಯುವ ವಿಧಾನವನ್ನು ಜಗತ್ತಿಗೆ ಮನವರಿಕೆ ಮಾಡಿಕೊಟ್ಟ 1986ರ ಪ್ರಸಿದ್ಧ ಲೇಖನದ ಮೊದಲ ಹೆಸರು ಡೇವಿಡ್ ರುಮೆಲ್‌ಹಾರ್ಟ್. ಆಗ ಇದೇ ವಿಶ್ವವಿದ್ಯಾಲಯದಲ್ಲಿದ್ದ ಮನಶ್ಶಾಸ್ತ್ರಜ್ಞ. ಜೊತೆಗಿದ್ದ ಜೆಫ್ರಿ ಹಿಂಟನ್‌ಗೆ 2024ರಲ್ಲಿ ಭೌತಶಾಸ್ತ್ರದ ನೊಬೆಲ್ ಬಂತು. ಮನಶ್ಶಾಸ್ತ್ರವನ್ನು "ಆರ್ಟ್ಸ್" ಎಂದು ಪಕ್ಕಕ್ಕೆ ಸರಿಸುವ ನಮ್ಮವರಿಗೆ ಇದನ್ನು ನಾನು ಮತ್ತೆ ಮತ್ತೆ ಹೇಳುತ್ತಿರುತ್ತೇನೆ.

ನನ್ನ ಅಕ್ಕನ ಮಗ ಮೈಸೂರಿನಲ್ಲಿ ಪಿಸಿಎಂಬಿ ಮುಗಿಸಿದ್ದಾನೆ. ಈ ವಿಷಯದ ಹುಚ್ಚು ಹತ್ತಿದೆ. "ಅದನ್ನ ಓದಿ ಮುಂದೇನ್ ಮಾಡ್ತಾನೋ? ಅಲ್ಲಿ ಓದಿದೋರು ಏನಾಗಿದಾರೆ, ಸರಿಯಾಗಿ ಹೇಳು" ಅಂತ ಅಕ್ಕ ಕೇಳುತ್ತಾಳೆ. ಮಗನ ಬದುಕಿನ ಪ್ರಶ್ನೆ, ಕೇಳಲೇಬೇಕು. ನೇರವಾಗಿಯೇ ಹೇಳುತ್ತೇನೆ. ಇಲ್ಲಿ ಬಿ.ಎಸ್. ಮಾಡುವವರು ಮೊದಲು ಕ್ಯಾಲ್ಕುಲಸ್, ಸಂಖ್ಯಾಶಾಸ್ತ್ರ, ಪ್ರೋಗ್ರಾಮಿಂಗ್, ಮಿದುಳಿನ ರಚನೆ ಓದುತ್ತಾರೆ. ಆಮೇಲೆ ಒಂದು ದಾರಿ ಆರಿಸಿಕೊಳ್ಳಬಹುದು: ಡಿಸೈನ್, ಮಷೀನ್ ಲರ್ನಿಂಗ್, ನರವಿಜ್ಞಾನ, ಕ್ಲಿನಿಕಲ್, ಭಾಷೆ ಮತ್ತು ಸಂಸ್ಕೃತಿ. ಕೆಲಸ ಸಿಗುವುದು ಪದವಿಯ ಹೆಸರಿಗಿಂತ ಹೆಚ್ಚಾಗಿ ಆ ದಾರಿಗೆ, ಮತ್ತು ಯಾವ ಲ್ಯಾಬಿನಲ್ಲಿ ಕೂತು ಏನು ಮಾಡಿದೆ ಅನ್ನುವುದಕ್ಕೆ. ಡಿಸೈನ್ ಹಿಡಿದವರು ಬಳಕೆದಾರರನ್ನು ಗಮನಿಸುವ ಯೂಸರ್ ರಿಸರ್ಚ್‌ಗೆ, ಮಷೀನ್ ಲರ್ನಿಂಗ್ ಹಿಡಿದವರು ಡೇಟಾ ಕೆಲಸಕ್ಕೆ, ಕ್ಲಿನಿಕಲ್ ಹಿಡಿದವರು ಮೆಡಿಕಲ್ ಅಥವಾ ವಾಕ್‌ಚಿಕಿತ್ಸೆಯ ಮುಂದಿನ ಓದಿಗೆ ಹೋಗುತ್ತಾರೆ. ಒಂದನ್ನೂ ಗಟ್ಟಿಯಾಗಿ ಹಿಡಿಯದೆ ಎಲ್ಲದರಲ್ಲೂ ಸುಲಭದ ಕೋರ್ಸ್ ಆರಿಸಿಕೊಂಡವರು ಕಷ್ಟಪಡುತ್ತಾರೆ. 2022ರ ಕೊನೆಯಿಂದ ದೊಡ್ಡ ಟೆಕ್ ಕಂಪನಿಗಳು ಜನರನ್ನು ತೆಗೆಯಲು ಶುರುಮಾಡಿದಾಗ ಯೂಸರ್ ರಿಸರ್ಚ್‌ನವರಿಗೆ ಜೋರಾಗಿಯೇ ಪೆಟ್ಟು ಬಿತ್ತು. ಖರ್ಚಂತೂ, ಹೊರಗಿನಿಂದ ಬರುವ ವಿದ್ಯಾರ್ಥಿ ಮಾಮೂಲಿ ಶುಲ್ಕದ ಮೇಲೆ ವರ್ಷಕ್ಕೆ 30 ಸಾವಿರ ಡಾಲರಿಗೂ ಹೆಚ್ಚು ಕಟ್ಟಬೇಕು. ಸಾಲ ಮಾಡಿ ಪದವಿಗೇ ಇಲ್ಲಿಗೆ ಕಳಿಸು ಎಂದು ಅಕ್ಕನಿಗೆ ನಾನು ಹೇಳುವುದಿಲ್ಲ.

ಒಂದು ವಿಷಯದಲ್ಲಿ ನಮ್ಮ ಊರಿನ ಪದ್ಧತಿಯೇ ಮೇಲು. ಅಮೆರಿಕದಲ್ಲಿ ವಾಕ್‌ಚಿಕಿತ್ಸಕರಾಗಲು ಸ್ನಾತಕೋತ್ತರ ಪದವಿ ಬೇಕೇ ಬೇಕು. ಶ್ರವಣ ತಜ್ಞರಾಗಲು ಡಾಕ್ಟರೇಟ್ ಬೇಕು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ಅಂದರೆ ನಾವೆಲ್ಲ ಆಯಿಷ್ ಅನ್ನುವ ಸಂಸ್ಥೆಯಲ್ಲಿ, ಪಿಯುಸಿ ವಿಜ್ಞಾನ ಮುಗಿಸಿದವರು ಪ್ರವೇಶ ಪರೀಕ್ಷೆ ಬರೆದು ಸೇರಿ, ಇಂಟರ್ನ್‌ಶಿಪ್ ಸೇರಿ ನಾಲ್ಕು ವರ್ಷದಲ್ಲಿ ವಾಕ್ ಶ್ರವಣ ಚಿಕಿತ್ಸೆಯ ಪದವಿಯಾದ ಬಿಎಎಸ್‌ಎಲ್‌ಪಿ ಮುಗಿಸಿದರೆ ನೋಂದಣಿ ಮಾಡಿಸಿಕೊಂಡು ಕೆಲಸಕ್ಕೆ ನಿಲ್ಲಬಹುದು. ಪಾರ್ಶ್ವವಾಯು ಬಡಿದು ಮಾತು ಕಳೆದುಕೊಂಡವರ ಮುಂದೆ, ಕಿವಿ ಕೇಳದ ಮಗುವಿನ ಮುಂದೆ ಕೂತು ಕಲಿಯುವ ಓದು ಅದು. ಅಕ್ಕನ ಮಗನಿಗೆ ಮೊದಲು ಇದನ್ನು ನೋಡು ಎಂದಿದ್ದೇನೆ. ಜೊತೆಯಲ್ಲೇ ಪೈಥಾನ್ ಮತ್ತು ಸಂಖ್ಯಾಶಾಸ್ತ್ರ ಕಲಿತುಕೊಂಡಿರು ಎಂದೂ ಹೇಳಿದ್ದೇನೆ. ಕಾಗ್ನಿಟಿವ್ ಸೈನ್ಸ್ ಎಂಬ ಹೆಸರಿನಲ್ಲೇ ಎಂಎಸ್‌ಸಿ ಮಾಡಬೇಕೆಂದರೆ ಆಮೇಲೆ ಗಾಂಧಿನಗರ, ದೆಹಲಿಯ ಐಐಟಿಗಳಿವೆ, 2002ರಿಂದ ನಡೆಯುತ್ತಿರುವ ಅಲಹಾಬಾದ್ ವಿಶ್ವವಿದ್ಯಾಲಯದ ಕೇಂದ್ರವಿದೆ.

ಗಮನಿಸಿ, ನಾನು ಹೆಸರಿಸಿದ ಈ ಮೂರೂ ಕರ್ನಾಟಕದ ಹೊರಗಿವೆ. ನನಗೆ ಸಂಕಟವಾಗುವುದು ಇಲ್ಲೇ. ಮಾನಸಗಂಗೋತ್ರಿಯನ್ನೇ ನೋಡಿ. ಮೈಸೂರು ವಿಶ್ವವಿದ್ಯಾಲಯದ ಮನಶ್ಶಾಸ್ತ್ರ, ಭಾಷಾವಿಜ್ಞಾನ, ತತ್ತ್ವಶಾಸ್ತ್ರ, ಮಾನವಶಾಸ್ತ್ರ, ಕಂಪ್ಯೂಟರ್ ವಿಜ್ಞಾನ, ಎಲ್ಲ ಅಲ್ಲೇ ಇವೆ. ಅದೇ ಬಡಾವಣೆಯಲ್ಲಿ 1965ರಲ್ಲಿ ಹುಟ್ಟಿದ ಆಯಿಷ್ ಇದೆ, 1969ರಲ್ಲಿ ಹುಟ್ಟಿದ ಭಾರತೀಯ ಭಾಷಾ ಸಂಸ್ಥಾನ ಇದೆ. ಬೆಂಗಳೂರಿಗೆ ಹೋದರೆ ನಿಮ್ಹಾನ್ಸ್ ಮತ್ತು ಐಐಎಸ್‌ಸಿಯ ನರವಿಜ್ಞಾನ ಕೇಂದ್ರ. ಸ್ಯಾನ್ ಡಿಯಾಗೊದವರು ಒಂದು ಸೂರಿನಡಿ ಕಲೆಹಾಕಿದ್ದರಲ್ಲಿ ನರವಿಜ್ಞಾನ ಬಿಟ್ಟು ಉಳಿದದ್ದೆಲ್ಲ ಮೈಸೂರಿನಲ್ಲಿ ಸೈಕಲ್ ತುಳಿಯುವಷ್ಟು ದೂರದಲ್ಲಿ ಬಿದ್ದಿದೆ. ಬಿಎ ಮನಶ್ಶಾಸ್ತ್ರದ ಹುಡುಗಿ ಬೆಳಗ್ಗೆ ಭಾಷಾವಿಜ್ಞಾನದ ಪಾಠ, ಮಧ್ಯಾಹ್ನ ಪ್ರೋಗ್ರಾಮಿಂಗ್, ಸಂಜೆ ಆಯಿಷ್ ಪ್ರಯೋಗಾಲಯ ಎಂದು ಓಡಾಡಿ ಅದಕ್ಕೆಲ್ಲ ಅಂಕ ಪಡೆಯುವಂಥ ಟೈಮ್‌ಟೇಬಲ್ ಮಾತ್ರ ಇಲ್ಲ. ರಾಜ್ಯ 2021ರಲ್ಲಿ ನಾಲ್ಕು ವರ್ಷದ ಪದವಿ ತಂದಿತು, 2024ರಲ್ಲಿ ಮೂರು ವರ್ಷಕ್ಕೆ ಮರಳಿತು. ವರ್ಷ ಮೂರೋ ನಾಲ್ಕೋ ಎಂಬುದಕ್ಕಿಂತ, ಒಬ್ಬಳೇ ವಿದ್ಯಾರ್ಥಿನಿ ಈ ಕಟ್ಟಡಗಳ ನಡುವೆ ಓಡಾಡಬಹುದೇ ಎಂಬುದೇ ನನಗೆ ದೊಡ್ಡ ಪ್ರಶ್ನೆ.

ಓಡಾಡಿದರೆ ಸಿಗುವ ವಿಷಯಕ್ಕೇನೂ ಬರವಿಲ್ಲ. ಏರು, ಏರಿಸು, ಓಡು, ಓಡಿಸು. ಈ "ಇಸು" ಪ್ರತ್ಯಯವನ್ನು ಹಿಡಿದು ಜೆಫ್ರಿ ಲಿಡ್ಜ್, ಹೆನ್ರಿ ಮತ್ತು ಲೀಲಾ ಗ್ಲೈಟ್‌ಮನ್ 2003ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಮೂರು ವರ್ಷದ ಕನ್ನಡ ಮಕ್ಕಳಿಗೆ ಆಟಿಕೆ ಪ್ರಾಣಿಗಳನ್ನು ಕೊಟ್ಟು, ಕೇಳಿದ ವಾಕ್ಯವನ್ನು ಆಡಿ ತೋರಿಸಲು ಹೇಳಿದರು. ಕೆಲವು ವಾಕ್ಯಗಳಲ್ಲಿ "ಇಸು" ಇತ್ತು, ಕೆಲವುಗಳಲ್ಲಿ ಇರಲಿಲ್ಲ. ನಾಮಪದಗಳು ಒಮ್ಮೆ ಒಂದು, ಒಮ್ಮೆ ಎರಡು. ಒಬ್ಬರು ಮಾಡಿಸಿದರೋ ತಾನೇ ಆಯಿತೋ ಎಂದು ತಿಳಿಯಲು ಕನ್ನಡದಲ್ಲಿ "ಇಸು"ವಿನಷ್ಟು ನಂಬಿಕೆಯ ಗುರುತು ಇನ್ನೊಂದಿಲ್ಲ. ಬರೀ ಕೇಳಿಸಿಕೊಂಡು ಕಲಿಯುವುದಾದರೆ ಮಕ್ಕಳು ಅದನ್ನೇ ಹಿಡಿಯಬೇಕಿತ್ತು. ಆದರೆ ಅವರು ಕಿವಿಗೊಟ್ಟದ್ದು ವಾಕ್ಯದಲ್ಲಿ ಎಷ್ಟು ನಾಮಪದ ಇವೆ ಅನ್ನುವುದಕ್ಕೆ. ಭಾಷೆಯನ್ನು ಮಗು ಬರೀ ಕೇಳಿಸಿಕೊಂಡು ಕಲಿಯುತ್ತದೆಯೋ, ಹುಟ್ಟಿನಿಂದಲೇ ಏನನ್ನಾದರೂ ತಂದಿರುತ್ತದೆಯೋ ಎಂಬ ಜಗತ್ತಿನ ದೊಡ್ಡ ವಾದದಲ್ಲಿ ನಮ್ಮ ಅಂಗನವಾಡಿ ವಯಸ್ಸಿನ ಮಕ್ಕಳು ಸಾಕ್ಷಿ ಹೇಳಿದರು. ಪ್ರಶ್ನೆ ಕೇಳಿದವರು ಅಮೆರಿಕದವರು. ನಮ್ಮ ಡಿಗ್ರಿ ಕಾಲೇಜಿನಲ್ಲಿ ಈ ಪ್ರಯೋಗದ ಹೆಸರಾದರೂ ಕೇಳಿದ ವಿದ್ಯಾರ್ಥಿಯನ್ನು ನಾನಿನ್ನೂ ಕಂಡಿಲ್ಲ.

ನಮ್ಮವರೇ ಪ್ರಶ್ನೆ ಕೇಳಿದಾಗ ಏನಾಗುತ್ತದೆ ಎಂಬುದಕ್ಕೂ ಉದಾಹರಣೆಗಳಿವೆ. ಈಗ ನಿಮ್ಹಾನ್ಸ್‌ನಲ್ಲಿರುವ ಡಾ. ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು ಹೈದರಾಬಾದಿನಲ್ಲಿ 648 ಮರೆವಿನ ರೋಗಿಗಳ ದಾಖಲೆ ನೋಡಿ, ಒಂದಕ್ಕಿಂತ ಹೆಚ್ಚು ಭಾಷೆ ಆಡುವವರಲ್ಲಿ ರೋಗ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡದ್ದನ್ನು 2013ರಲ್ಲಿ ವರದಿ ಮಾಡಿದರು. ಓದುಬರಹ ಬಾರದವರಲ್ಲೂ ಈ ವ್ಯತ್ಯಾಸ ಕಂಡಿತು. ಸಂಶೋಧಕಿ ಸೋನಾಲಿ ನಾಗ್ ಕನ್ನಡ ಶಾಲಾ ಮಕ್ಕಳ ಓದನ್ನು ಅಭ್ಯಾಸ ಮಾಡಿ, ನಮ್ಮ ಅಕ್ಷರಗಳನ್ನು ಪೂರ್ತಿ ಹಿಡಿಯಲು ಇಂಗ್ಲಿಷ್ ಅಕ್ಷರಮಾಲೆಗಿಂತ ಬಹಳ ಹೆಚ್ಚು ಕಾಲ ಬೇಕು, ನಾಲ್ಕನೆಯ ತರಗತಿಗೆ ಬಂದರೂ ಆ ಕಲಿಕೆ ನಡೆದೇ ಇರುತ್ತದೆ ಎಂದು ತೋರಿಸಿದರು. ನಲಿ-ಕಲಿ ಕಾರ್ಡು ಮಾಡುವವರಿಗೆ, ಕನ್ನಡ ಕಲಿಸುವ ಆ್ಯಪ್ ಬರೆಯುವವರಿಗೆ, ರೈತರ ಮೊಬೈಲಿಗೆ ಕನ್ನಡ ಧ್ವನಿ ಸಹಾಯಕ ಕಟ್ಟುವವರಿಗೆ ಇಂಥ ತಿಳಿವಳಿಕೆ ಇರುವ ಜನ ಬೇಕು. ಈ ಕೆಲಸಗಳಿಗೆ ಸ್ಯಾನ್ ಡಿಯಾಗೊದಿಂದ ಯಾರೂ ಬರುವುದಿಲ್ಲ, ಬಂದರೂ ಒತ್ತಕ್ಷರ ಗೊತ್ತಿರುವುದಿಲ್ಲ.

ಹಾಗಾಗಿ ವಿಶ್ವವಿದ್ಯಾಲಯವನ್ನು ನಾನು ಕೇಳಿಕೊಳ್ಳುವುದು ಹೊಸ ಕಟ್ಟಡವನ್ನಲ್ಲ. ಆಯಿಷ್, ಭಾಷಾ ಸಂಸ್ಥಾನ ಮತ್ತು ಗಂಗೋತ್ರಿಯ ವಿಭಾಗಗಳು ಕೂತು, ಪದವಿಯ ಎರಡನೆಯ ವರ್ಷದಿಂದ ಒಂದು ಜಂಟಿ ಪಠ್ಯ ಮಾಡಲಿ. ಬಿಎ, ಬಿಎಸ್‌ಸಿ ಎರಡೂ ಕಡೆಯವರಿಗೆ ಅದು ತೆರೆದಿರಲಿ. ಸಂಖ್ಯಾಶಾಸ್ತ್ರ ಮತ್ತು ಪ್ರೋಗ್ರಾಮಿಂಗ್ ಕಡ್ಡಾಯವಾಗಲಿ. ಮೊದಲ ತಂಡಕ್ಕೆ ಇಪ್ಪತ್ತು ಮಂದಿ ಸಾಕು. ಅವರ ಮೊದಲ ಪ್ರಾಜೆಕ್ಟು ಹತ್ತಿರದ ಸರ್ಕಾರಿ ಶಾಲೆಯಲ್ಲೇ ಆಗಬಹುದು: ಮೂರನೆಯ ತರಗತಿಯ ಮಕ್ಕಳು ಗಟ್ಟಿಯಾಗಿ ಓದುವಾಗ ಯಾವ ಒತ್ತಕ್ಷರದ ಬಳಿ ತಡೆಯುತ್ತಾರೆ, ಎಷ್ಟು ಹೊತ್ತು ತಡೆಯುತ್ತಾರೆ ಎಂದು ಧ್ವನಿಮುದ್ರಿಸಿ, ಅಳೆದು, ಬರೆದು, ಆ ಶಾಲೆಯ ಮೇಷ್ಟರ ಕೈಗೆ ಕೊಡುವುದು.